ಕಾಕುನ ಕಡೀ ಪಂಕ್ತಿ

ನನಗ ಮೂಗಿನ ಮ್ಯಾಲೇ ಸಿಟ್ಟು ಅಂತ ನಮ್ಮ ಮಂದಿ ಅಂತಾರ. ಅನ್ಲಿ. ಅದೇ ಮೂಗು ಹಿಡ್ಕೊಂಡೇ ನಾ ಆಶ್ರಮ ನೋಡ್ಲಿಕ್ಕೆ ಹೊಂಟಿದ್ದು.

ಮೊದಲು ಸೇಡಂಗ ಹೋದೆ. ಹಾಸಿಗಿ ಹಿಡಿದ ಮುದುಕರ್ನ ಇಟ್ಕೊಂಡು ನೋಡಿಕೊಳ್ಳೋ ಮನಿ ಅದು. ಹೊರಗ ಗುಲಾಬಿ ಬಣ್ಣ, ಒಳಗ ಮಾರಿ ಕಾಣೋವಂಥಾ ಟೈಲ್ಸು, ಗ್ವಾಡಿಗಿ ದೊಡ್ಡದೊಂದು ಟೀವಿ. ಬಾಗಲದಾಗ ಕಾಲಿಟ್ಟ ಕೂಡಲೇ ಫಿನಾಯಿಲ್ ವಾಸನಿ ಬಡೀತು, ಅದರ ಕೆಳಗ ಇನ್ನೊಂದು ವಾಸನಿ. ಆ ಎರಡನೇದನ್ನ ಮುಚ್ಚಲಿಕ್ಕೇ ಮೊದಲನೇದನ್ನ ಸುರುವಿದ್ರು. ಅಲ್ಲಿದ್ದ ಸಾಹೇಬರು ನನಗ ಎಸಿ ತೋರಿಸಿದ್ರು, ಕ್ಯಾಮೆರಾ ತೋರಿಸಿದ್ರು. ನನ್ನ ಕಣ್ಣು ಮಾತ್ರ ಒಬ್ಬಾಕಿ ಮುದುಕಿ ಆಯಿಯ ನೀರಿನ ಲೋಟದ ಮ್ಯಾಲೆ. ಆಕಿ ಎಷ್ಟು ಕೈ ಚಾಚಿದ್ರೂ ಸಿಗದಂಗ ಇಟ್ಟಿದ್ರು. ಈ ಆಯಿ ಯಾವ ಊರಿನಾಕಿ ಅಂತ ಕೇಳಿದ್ರ, ಕಿಡಕಿ ಬಾಜೂಕಿನ ಪೇಷಂಟ್ರಿ ಅಂದ ಕೆಲಸದವ. ಸಾಕಪಾ ನಿಮ್ಮ ಸಂಗ ಅಂತ ಚಪ್ಪಲಿ ಮೆಟ್ಕೊಂಡು ವಾಪಸ್ ಬಂದೆ.

ಇಷ್ಟೆಲ್ಲಾ ತಿರುಗಾಟ ಕಾಕುನ ಸಲುವಾಗಿ. ಕಾಕು ಅಂದ್ರ ನಮ್ಮ ಅಪ್ಪನ ತಮ್ಮನ ಹೆಂಡತಿ. ನನ್ನ ಹಡದಾಕಿ ನಾ ಸಣ್ಣಾಕಿದ್ದಾಗೇ ಹೋದಳು, ನನ್ನ ಬೆಳಸಿದಾಕಿ ಕಾಕು. ಚಿತ್ತಾಪುರದಾಗ ನಮ್ಮ ಓಣಿಯ ಮಠದಾಗ ಆರಾಧನಿ ಬಂತಂದ್ರ ಅಡಿಗಿ ಮಾಡಾಕಿ ಆಕಿನೇ, ಬಡಸಾಕಿನೂ ಆಕಿನೇ. ಪಂಕ್ತಿ ಮ್ಯಾಲೆ ಪಂಕ್ತಿ ಎದ್ದು, ಕಡೀ ಎಲಿ ತಗದ ಮ್ಯಾಲೆ ಪಾತ್ರಿ ತಳ ಕೆರಕೊಂಡು ಒಬ್ಬಾಕಿನೇ ಉಣ್ಣಲಿಕ್ಕೆ ಕುಂದ್ರತಿದ್ದಳು. ಮನ್ಯಾಗೂ ಅದೇ ಪದ್ಧತಿ. ನಾವದನ್ನ ಗೋಡಿ ಮ್ಯಾಲಿನ ಗಡಿಯಾರದಂಗ ದಿನಾ ನೋಡತಿದ್ವಿ, ಆದ್ರ ನೋಡ್ತೀವಿ ಅಂತ ಯಾರಿಗೂ ಅನಿಸಿರಲಿಲ್ಲ.

ಕಾಕಾ ತೀರಿದ ಮ್ಯಾಲೆ ಆಕಿ ವಾಡಿಗಿ ನನ್ನ ಕಡೀ ಬಂದಳು. ಆಕಿಗಿ ಮಕ್ಕಳಿಲ್ಲ, ನಾನೇ ಮಗಳು. ನಾ ರೈಲ್ವೆ ಬುಕಿಂಗ್ ಆಫೀಸಿನ್ಯಾಗ ಇದ್ದು ರಿಟೈರ್ ಆದಾಕಿ, ಟಿಕೇಟಿನ ಕಿಡಕ್ಯಾಗ ಕುಂತು ಮಂದಿ ಜೋಡಿ ಜಗಳಾಡೇ ನನ್ನ ದನಿ ಹಿಂಗಾಗೇದ. ಮನ್ಯಾಗ ನಾವಿಬ್ಬರೇ. ನಾ ಒದರೋದು, ಆಕಿ ನಗೋದು, ಹಿಂಗೇ ನಡದಿತ್ತು.

ಹೋದ ಚಳಿಗಾಲದಾಗ ಕಾಕುಗ ಲಕ್ವಾ ಹೊಡೀತು. ಬಲಗೈ ಹೋಯ್ತು, ಬಲಗಾಲು ಹೋಯ್ತು, ಮಾತೂ ನಿಂತಿತು. ದವಾಖಾನಿಯಿಂದ ಮನಿಗಿ ಕರ್ಕೊಂಡು ಬಂದೆ. ನನ್ನ ನಡಾ ಮೊದಲೇ ಹಿಡಿದಿತ್ತು, ಆಕಿನ ಮಗ್ಗಲು ಬದಲಿಸಲಿಕ್ಕೆ ನನ್ನಿಂದ ಆಗವಲ್ದು. ಬೆನ್ನ ಮ್ಯಾಲಿನ ಚರ್ಮ ಕೆಂಪಗಾಗ್ಲಿಕತ್ತಿತ್ತು. ಅದಕ್ಕಿಂತ ದೊಡ್ಡ ಚಿಂತಿ ಊಟದ್ದು. ನೀರು, ಹಾಲು ಗುಟುಕು ಗುಟುಕು ಇಳೀತಿತ್ತು. ಅನ್ನದ ಚಮಚಾ ಬಾಯಿ ಹತ್ರ ತಂದ್ರ ಮಾತ್ರ ತುಟಿ ಬಿಗಿ ಮಾಡಿ ಮಾರಿ ಆ ಕಡಿ ತಿರುಗಸತಿದ್ದಳು. ಆಕಿಗಿ ಮೊದಲು ಹೊಟ್ಟಿಗಿ ಬೀಳಲಿ ಅಂತ ನಾ ಮುಂಜಾನಿಂದ ಚಹಾದ ಮ್ಯಾಲೇ ಇದ್ದು ಕುಂದ್ರತಿದ್ದೆ. ರಮಿಸಿದೆ, ಬೈದೆ, ಅತ್ತೆ. ಏನೂ ಉಪಯೋಗಾಗಲಿಲ್ಲ.

ಶಹಾಬಾದದ ಡಾಕ್ಟರು ಗಂಟಲು ಪರೀಕ್ಷಾ ಮಾಡಿ, ನುಂಗಲಿಕ್ಕೆ ಏನೂ ಅಡ್ಡಿ ಇಲ್ಲ, ಯಾಕ ಬಾಯಿ ತೆರೀವಲ್ಲರು ತಿಳೀವಲ್ದು ಅಂದ್ರು. ಮುಂದಿನ ವಾರದ ತನಕ ನೋಡೋಣು, ಉಣ್ಣಲಿಲ್ಲಂದ್ರ ಮೂಗಿನ್ಯಾಗ ನಳಿಗಿ ಹಾಕಬೇಕಾಗ್ತದ ಅಂದ್ರು. ಊರ ಮಂದಿಗೆಲ್ಲಾ ಕೈಯಾರೆ ಬಡಿಸಿದಾಕಿ, ಆಕಿಗಿ ಮೂಗಿನಿಂದ ಊಟ! ಆ ನಳಿಗಿ ಬರಬಾರದು, ಇದೊಂದೇ ನನ್ನ ತಲ್ಯಾಗ ಕುಂತಿತ್ತು.

ಆಶ್ರಮದ ಸುದ್ದಿ ಕೇಳಿ ಕಾಕುನ ಅಣ್ಣನ ಮಗ ಫೋನ್ ಮಾಡಿದ. ಅಲ್ಲಿ ಮಡಿ ನಡೀತದೇನು ಅಂತ ವಿಚಾರಿಸಿದ. ನೀ ಮಡಿ ಉಟ್ಕೊಂಡೇ ಬಂದು ಆಕಿನ ಮಗ್ಗಲು ಬದಲಿಸಪಾ ಅಂದೆ. ಫೋನ್ ಇಟ್ಟುಬಿಟ್ಟ.

ಚಿತ್ತಾಪುರದ ಹೊರಗ ಇನ್ನೊಂದು ಮನಿ ಅದ ಅಂತ ಯಾರೋ ಹೇಳಿದ್ರು, ಅಲ್ಲಿಗಿ ಹೋದೆ. ಹಳೇ ಕಲ್ಲಿನ ಮನಿ, ನೆಲಕ್ಕ ಶಹಾಬಾದಿ ಫರಸಿ ಕಲ್ಲು. ನಡೆಸಾಕಿ ಸರ್ಕಾರಿ ದವಾಖಾನ್ಯಾಗ ನರ್ಸ್ ಆಗಿದ್ದಾಕಿ. ಕುಂಚಾವರಂ ಕಡೀ ಹೆಣ್ಣುಮಗಳು, ಕನ್ನಡ ಮಾತಾಡಿದ್ರ ತೆಲುಗಿನ ಎಳತ ಬರ್ತಿತ್ತು. ಆಕಿ ನನಗ ಏನೂ ತೋರಿಸಲಿಲ್ಲ. ಬರ್ರಿ, ಎಲ್ಲಿ ಬೇಕಾದಲ್ಲಿ ತಿರುಗಾಡ್ರಿ ಅಂದು ತನ್ನ ಕೆಲಸಕ್ಕ ಹೋದಳು. ಹೌದಾ, ನೋಡೇ ಬಿಡ್ತೀನಿ ಅಂತ ನಾ ಸೆರಗು ಸಿಗಿಸಿದೆ.

ಮೊದಲನೇ ಖೋಲ್ಯಾಗ ಒಬ್ಬರು ಅಜ್ಜ ಮಲಗಿದ್ರು, ಮಾತಿಲ್ಲ ಕತಿಯಿಲ್ಲ, ಕಣ್ಣು ಮಾತ್ರ ಮ್ಯಾಲಿನ ಛತ್ತಿಗಿ. ಕೊರಳಾಗ ಬುದ್ಧನ ಪದಕ ಹಾಕ್ಕೊಂಡ ಒಬ್ಬಾಕಿ ನಡುವಯಸ್ಸಿನ ಆಯಾ ಅವರ ಕಿವಿ ಹತ್ರ ಬಗ್ಗಿ, ಗ್ವಾಡಿ ಕಡಿ ತಿರುಗಸಲೇನ್ರಿ ಅಜ್ಜಾ ಅಂತ ಕೇಳಿ ಸುಮ್ಮನೆ ನಿಂತಳು. ಅಲ್ಲ, ಮಾತೇ ಬರದವರ್ನ ಕೇಳಿ ಏನು ಕಾಯ್ತಾಳ ಈಕಿ ಅಂತ ನನಗ ಸೋಜಿಗ. ಅಜ್ಜನ ರೆಪ್ಪಿ ಸಾವಕಾಶ ಮುಚ್ಚಿ ತೆರದವು. ಆಮ್ಯಾಲೇ ಆಕಿ ಮುಟ್ಟಿದ್ದು. ತಿರುಗಿಸಿ, ಅಂಗೈಲೆ ಹಾಸಿಗಿ ಸುಕ್ಕು ತೀಡಿ, ಮೊಳಕಾಲಿನ ನಡುವ ದಿಂಬು ಇಟ್ಟಳು. ಆಕಿ ಹೊರಗ ಹೋದ ಮ್ಯಾಲೆ ನಾ ಅಜ್ಜನ ಹಿಮ್ಮಡ ನೋಡಿದೆ. ವರ್ಷಗಟ್ಟಲೆ ಮಲಗಿದ ಮನಷ್ಯಾ, ಒಂದು ಹುಣ್ಣಿಲ್ಲ, ಹಿಮ್ಮಡ ಕೂಸಿನ ಹಿಮ್ಮಡದಂಗ ಇದ್ದವು. ಬರೇ ತಪ್ಪು ಹುಡುಕಲಿಕ್ಕೆ ಬಂದಾಕಿ ನಾ, ಗುಡ್ಯಾಗ ನಿಂತಂಗ ಸುಮ್ಮನೆ ನಿಂತೆ.

ಆದ್ರ ನನ್ನ ಸ್ವಭಾವ ಎಲ್ಲಿ ಹೋದೀತು? ಮಧ್ಯಾಹ್ನಕ್ಕ ತಪ್ಪು ಸಿಕ್ಕೇಬಿಟ್ಟಿತು. ಉಣ್ಣೋ ಪಡಸಾಲ್ಯಾಗ ಕೈ ಆಡೋ ಮಂದಿ ತಾವೇ ಉಣ್ಲಿಕತ್ತಿದ್ರು, ಅವರ ನಡುವ ಆಯಾಗಳೂ ತಾಟು ಹಿಡದು ಕುಂತು ಉಣ್ಲಿಕತ್ತಿದ್ರು. ಇನ್ನೊಬ್ಬರ ಕೈಲೆ ಉಣ್ಣೋ ಮುದುಕರು ಗಾಲಿ ಖುರ್ಚಿ ಮ್ಯಾಲೆ ಹಂಗೇ ಕುಂತಿದ್ರು. ನನಗ ಮೈಯೆಲ್ಲಾ ಉರೀತು. ಪೇಷಂಟ್ ಉಪಾಸ ಕುಂತಾರ, ನೀವು ಹೊಟ್ಟಿ ತುಂಬಿಸ್ಕೊಳ್ತೀರಿ, ನಾಚಿಕಿಲ್ಲೇನು ಅಂತ ನರ್ಸಬಾಯಿಗಿ ಅಂದೇಬಿಟ್ಟೆ. ಆಕಿ ಸಿಟ್ಟಿಗೇಳಲಿಲ್ಲ. ಇಲ್ಲಿ ಪದ್ಧತಿನೇ ಹಂಗ್ರಿ, ಹಸಿವಿ ಆದವರು ಉಣಿಸಿದ್ರ ಲಗೂ ಮುಗಿಸಲಿಕ್ಕೆ ನೋಡ್ತಾರ ಅಂದಳು. ನೀವೂ ಎರಡು ತುತ್ತು ಉಣ್ರಿ ಅಂತನೂ ಅಂದಳು. ನಾ ಏನು ಊಟಕ್ಕ ಬಂದಿಲ್ಲ ಅಂದೆ.

ಬಸ್ಸಿನ್ಯಾಗ ಕುಂತು ಇಡೀ ದಾರಿ ಆ ಪದ್ಧತಿಗಿ ಬೈದೆ. ಆದ್ರ ಕಣ್ಣ ಮುಂದ ಆ ಅಜ್ಜನ ಹಿಮ್ಮಡನೇ. ವಾರ ಮುಗೀಲಿಕ್ಕೆ ಬಂದಿತ್ತು, ಹೆಚ್ಚು ವಿಚಾರ ಮಾಡಲಿಕ್ಕೆ ಟೈಮ್ ಇರಲಿಲ್ಲ. ಕಾಕುನ ಅಲ್ಲಿಗೇ ಕರ್ಕೊಂಡು ಹೋದೆ.

ಮೊದಲನೇ ದಿನದ ಮಧ್ಯಾಹ್ನ. ಕಾಕುನ ಗಾಲಿ ಖುರ್ಚಿ ಮ್ಯಾಲೆ ಕುಂದ್ರಿಸಿ ಪಡಸಾಲಿಗಿ ತಂದ್ರು. ನಾ ಪರ್ಸು ಬಗಲಾಗ ಹಿಡ್ಕೊಂಡು ಗ್ವಾಡಿಗಿ ನಿಂತೆ. ನರ್ಸಬಾಯಿ ಮತ್ತ ಊಟಕ್ಕ ಕರದಳು, ನಾ ಮತ್ತ ಒಲ್ಲೆ ಅಂದೆ. ಎಲ್ಲಾರ ಊಟ ನಡೀತು. ಬುದ್ಧನ ಪದಕದ ಆಯಾ ತನ್ನ ಊಟ ಮುಗಿಸಿ, ಮೆತ್ತಗ ಕಲಸಿದ ಅನ್ನ ಸಾರು ತಗೊಂಡು ಕಾಕುನ ಎದುರು ಸಣ್ಣ ಕಟಗಿ ಮಣಿ ಮ್ಯಾಲೆ ಕುಂತಳು. ಚಮಚಾ ಎತ್ತಿದಳು. ಕಾಕು ಮಾರಿ ಆ ಕಡಿ ತಿರುಗಿಸಿದಳು.

ಆಯಾ ಚಮಚಾ ಕೆಳಗಿಟ್ಟಳು. ಬಾಯಿ ತೆರೀರಿ ಅನ್ನಲಿಲ್ಲ, ಗಲ್ಲ ಹಿಡೀಲಿಲ್ಲ. ಸುಮ್ಮನೆ ಕುಂತಳು. ಇಷ್ಟು ಸಮಾಧಾನ ದೇವರು ಯಾರಿಗಿ ಕೊಡ್ತಾನೋ, ನನಗಂತೂ ಕೊಟ್ಟಿಲ್ಲ. ನಾನೂ ಮೊದಲ ಸಲ ಬಾಯಿ ಮುಚ್ಚಿಕೊಂಡು ಕಾಕುನ ಮಾರಿ ನೋಡಿದೆ. ಆಕಿ ಮಾರಿ ಗ್ವಾಡಿ ಕಡಿ ತಿರುಗಿರಲಿಲ್ಲ. ತಾಟುಗಳ ಕಡಿ ತಿರುಗಿತ್ತು. ಒಂದು ತಾಟು, ಅದರ ಮುಂದಿಂದು, ಮತ್ತ ಅದರ ಮುಂದಿಂದು, ಹಂಗೇ ಸಾಲಾಗಿ ನೋಡ್ಕೋತ ಹೊಂಟಿದ್ದಳು. ಕೊನಿಗಿ ಕುಂತ ಒಬ್ಬಾಕಿ ಆಯಿ ಬೆರಳು ನೆಕ್ಕಿ ಮುಗಿಸಿದಳು, ಆ ತಾಟೂ ಎತ್ತಿದ್ರು. ಆವಾಗ ಕಾಕುನ ಮಾರಿ ಈ ಕಡಿ ಬಂತು. ಇನ್ನ ಬಾಯಿ ತೆರೀತಾಳ ಅಂದ್ಕೊಂಡೆ.

ತೆರೀಲಿಲ್ಲ. ನನ್ನ ನೋಡಿದಳು.

ಆಯಾನೂ ಆ ಕಣ್ಣು ಹೋದ ಕಡಿ ಹೊಳ್ಳಿ ನೋಡಿ, "ನಿಮ್ಮ ಊಟ ಆಗೇದೇನ್ರಿ ಬಾಯಿ?" ಅಂದಳು.

"ನಂದೇನು ಈಗ, ಮೊದಲ ಆಕಿಗಿ ಉಣಸ್ರಿ" ಅಂತ ಅಂದೆ. ಅಂದು ಮುಗಿಸೋದ್ರಾಗೇ ನನಗ ತಿಳೀತು. ಮನ್ಯಾಗ ಇಷ್ಟು ದಿನ ಆಕಿ ಮುಂದ ಖಾಲಿ ಹೊಟ್ಟೀಲೆ ಕುಂತು ಚಮಚಾ ಹಿಡೀತಿದ್ದೆ. ಎಲ್ಲಾರ ಎಲಿ ಎತ್ತಿದ ಮ್ಯಾಲೇ ಉಣ್ಣಾಕಿಗಿ ಮೊದಲನೇ ತುತ್ತು ಕೊಡಲಿಕ್ಕೆ ಹೋಗಿದ್ದೆ. ಮನ್ಯಾಗಿದ್ದ ಒಂದೇ ಪಂಕ್ತಿ ನಾನು, ಆ ಪಂಕ್ತಿ ಎದ್ದೇ ಇರಲಿಲ್ಲ.

ತಾಟು ಕೊಡ್ರಿ ಅಂದೆ. ರೊಟ್ಟಿ, ಪುಂಡಿಪಲ್ಯ ಹಾಕಿ ಕೊಟ್ಟರು. ಕಾಕುನ ಕಾಲ ಹತ್ರ ಫರಸಿ ಮ್ಯಾಲೆ ಕುಂತೆ. ಕಾಕು ನನ್ನ ಒಂದೊಂದು ತುತ್ತೂ ನೋಡ್ಲಿಕತ್ತಿದ್ದಳು, ನಾ ಸಣ್ಣಾಕಿದ್ದಾಗ ಸಾಲಿಗಿ ಹೋಗೋ ಮುಂದ ನೋಡತಿದ್ದಳಲ್ಲ, ಹಂಗೇ. ಪಲ್ಯ ಒರಸಿ ಉಂಡು ತಾಟು ಎತ್ತಿ ತೋರಿಸಿದೆ.

ಕಾಕು ಬಾಯಿ ತೆರದಳು.

ಆಯಾ ಒಂದು ಚಮಚಾ ಇಟ್ಟಳು. ಗಂಟಲು ಮ್ಯಾಲೆ ಹೋಗಿ ಕೆಳಗ ಬರೂ ತನಕ ಕಾದಳು. ಮತ್ತೊಂದು ಇಟ್ಟಳು. ಮಡಿ ಬಿಟ್ಟು ಒಂದಗಳು ಮುಟ್ಟದ ನಮ್ಮ ಕಾಕು, ಆ ಹೆಣ್ಣುಮಗಳ ಕೈಲೆ ಬಟ್ಟಲ ತಳ ಕಾಣೂ ತನಕ ಉಂಡಳು. ನಾ ಬಾಯಿ ಮ್ಯಾಲೆ ಕೈ ಇಟ್ಕೊಂಡು ನೋಡ್ಕೋತ ಕುಂತೆ. ಮಾತು ಹೋಯ್ತು, ಬಲಗೈ ಹೋಯ್ತು, ಮಡಿನೂ ಹೋಯ್ತು, ಇದೊಂದು ಮಾತ್ರ ಆಕಿನ ಬಿಟ್ಟು ಹೋಗಿಲ್ಲ. ಎಷ್ಟು ಒಳಗ ಇಟ್ಟುಕೊಂಡಿದ್ದಳೋ ತಾಯಿ! ಆ ವಾರ ಶಹಾಬಾದಕ್ಕ ಹೋದಾಗ ಡಾಕ್ಟರು ನಳಿಗಿ ಮಾತೇ ಎತ್ತಲಿಲ್ಲ.

ಈಗ ಆಗೋ ದಿನ ವಾಡಿಯಿಂದ ಬಸ್ ಹಿಡದು ಹೋಗ್ತೀನಿ, ಕಾಕುನ ಎದುರು ಕುಂತು ಮೊದಲು ನಾ ಉಣ್ತೀನಿ. ಆಗದ ದಿನ ಆಯಾ ಫೋನಿನ್ಯಾಗ ಕಾಕುನ ಮಾರಿ ತೋರಿಸ್ತಾಳ, ನಾ ಉಂಡು ಇಲ್ಲಿಂದ ಖಾಲಿ ತಾಟು ತೋರಿಸ್ತೀನಿ. ಮೊನ್ನೆ ಫೋನ್ ಬಂದಾಗ ನನಗ ಹಸಿವಿರಲಿಲ್ಲ, ತೊಳದ ತಾಟನ್ನೇ ಎತ್ತಿ ತೋರಿಸಿದೆ. ಕಾಕು ನನ್ನೇ ನೋಡಿದಳು, ತುಟಿ ಬಿಚ್ಚಲಿಲ್ಲ. ಎದ್ದು ಹೋಗಿ ರೊಟ್ಟಿ ತಂದು ಆಕಿ ಮುಂದ ಉಂಡೆ.