ಕರಿಕೆ ರಸ್ತೆಯಲ್ಲಿ ಅಪ್ಪ ಹೇಳಿಕೊಟ್ಟದ್ದು

ಇದನ್ನು ಕಟ್ಟುಕಥೆ ಎಂದುಕೊಂಡರೆ ನಿಮ್ಮಿಷ್ಟ. ಆ ರೇಡಿಯೇಟರ್ ಸುಟ್ಟ ಗುರುತು ನನ್ನ ಬೆರಳಲ್ಲಿ ಇನ್ನೂ ಇದೆ.

ಕಳೆದ ಜನವರಿ. ಸಂಜೆ ಏಳರ ಹೊತ್ತಿಗೆ ಅಪ್ಪನಿಗೆ ಎದೆನೋವು ಜೋರಾಯಿತು. ಕರಿಕೆಯಿಂದ ಮಡಿಕೇರಿಗೆ ನಮ್ಮ ಹಳೇ ಕಾರಿನಲ್ಲೇ ಹೊರಟೆವು. ಹಿಂದಿನ ಸೀಟಿನಲ್ಲಿ ಅವ್ವ, ಅವಳ ತೊಡೆಯ ಮೇಲೆ ಅಪ್ಪನ ತಲೆ. ನಲವತ್ತು ವರ್ಷ ಜೀಪು ರಿಪೇರಿ ಮಾಡಿದ ಮನುಷ್ಯ ಒಂದೊಂದು ಉಸಿರಿಗೂ ಒದ್ದಾಡುತ್ತಿದ್ದರು.

ಭಾಗಮಂಡಲದ ಕಡೆಗಿನ ಕಾಡಿನ ಏರಿನಲ್ಲಿ ಇಂಜಿನ್ ಕಾದು ಹೋಯಿತು. ಬಾನೆಟ್ ಎತ್ತಿದೆ. ಸುಟ್ಟ ರಬ್ಬರಿನ ವಾಸನೆ, ಬುಸುಗುಡುವ ಹಬೆ... ಮೊಬೈಲಿನಲ್ಲಿ ನೆಟ್‌ವರ್ಕ್ ಇಲ್ಲ. ಹಬೆ ತಗ್ಗುವವರೆಗೆ ಕಾದು, ಬಟ್ಟೆ ಸುತ್ತಿ ರೇಡಿಯೇಟರ್ ಮುಚ್ಚಳ ತಿರುಗಿಸಿದೆ. ಮುಚ್ಚಳದ ಅಡಿಯ ಪುಟ್ಟ ವಾಲ್ವ್ ಕಳಚಿ, ಟಣ್ ಎಂದು ಒಳಗೆ ಬಿತ್ತು.

ಅದಿಲ್ಲದಿದ್ದರೆ ಕುದಿದ ನೀರೆಲ್ಲ ಹೊರಗೆ ಉಕ್ಕುತ್ತದೆ. ಗಡಿಬಿಡಿಯಲ್ಲಿ ಬೆರಳು ತೂರಿಸಿದೆ. ಚುರ್ ಎಂದಿತು. ಅಳುವೇ ಬಂತು.

“ಎಂಥ ಬಿತ್ತು, ದಿನೇಶ?”

ಅಪ್ಪನ ದನಿ! ಅಷ್ಟು ಗಟ್ಟಿಯಾದ ದನಿ ಕೇಳಿ ವರ್ಷವೇ ಆಗಿತ್ತು. ಹುಷಾರಾದರು ಎಂದು ಜೀವ ಬಂದಂತಾಯಿತು.

“ವಾಲ್ವ್ ಅಪ್ಪ... ರೇಡಿಯೇಟರ್ ಒಳಗೆ.”

“ಕೈ ಹಾಕ್ಬೇಡ. ಡಿಕ್ಕಿಯಲ್ಲಿ ಹಳೇ ಬ್ರೇಕ್ ಕೇಬಲ್ ಉಂಟು. ತುದಿ ಸಣ್ಣ ಕೊಕ್ಕೆ ಮಾಡು.”

ಇತ್ತು. ತುದಿ ಬಗ್ಗಿಸಿ ಒಳಗೆ ಬಿಟ್ಟೆ. ಮೊಬೈಲಿನ ಬೆಳಕಲ್ಲಿ ಕಾಣಿಸಿದ್ದು ಕಂದು ನೀರು ಮಾತ್ರ.

“ಎಡಕ್ಕೆ... ಇನ್ನೂ ಸ್ವಲ್ಪ. ಈಗ ಎತ್ತು.”

ಕೊಕ್ಕೆಯ ತುದಿಯಲ್ಲಿ ವಾಲ್ವ್ ನೇತಾಡುತ್ತಿತ್ತು. ಆಮೇಲೆ ಹೊಳೆಯಿತು: ಎತ್ತಿದ ಬಾನೆಟ್ ಅಡ್ಡ ಇದೆ, ಅಪ್ಪ ಹಿಂದಿನ ಸೀಟಿನಲ್ಲಿ ಮಲಗಿದ್ದಾರೆ. ಎಡಬಲ ಅವರಿಗೆ ಹೇಗೆ ಕಂಡಿತು?

ವಾಲ್ವ್ ಕೂರಿಸಿ, ಕ್ಯಾನಿನ ನೀರು ತುಂಬಿಸಿ ಮುಚ್ಚಳ ಬಿಗಿದೆ. ಕಿವಿಯ ಪಕ್ಕದಲ್ಲೇ ಎಂಬಂತೆ ಅಪ್ಪ ಅಂದರು:

“ಆಯ್ತಲ್ಲ. ಇನ್ನು ನಿಧಾನ ಹೋಗು. ಅರ್ಜೆಂಟಿಲ್ಲ.”

ಸ್ಟೇರಿಂಗ್ ಹಿಡಿದು ಕೂತವನು, “ಅವ್ವ, ಅಪ್ಪಂಗೆ ಪರ್ವಾಗಿಲ್ಲ ಅಲ್ವಾ?” ಎಂದೆ.

“ಮಲಗಿದ್ದಾರೆ. ನೀನು ರಸ್ತೆ ನೋಡು ಮಗ,” ಎಂದಳು ಅವ್ವ.

ಮಡಿಕೇರಿ ಆಸ್ಪತ್ರೆಯಲ್ಲಿ ಡಾಕ್ಟರು ಅಪ್ಪನ ಕೈ ಮುಟ್ಟಿದವರೇ ನನ್ನ ಮುಖ ನೋಡಿದರು. “ತುಂಬ ಹೊತ್ತಾಗಿದೆಯಲ್ರೀ...”

ಅವ್ವ ಗೋಡೆಗೊರಗಿ ಕೂತಿದ್ದಳು. “ಕಾಡಲ್ಲಿ ಕಾರು ಕೆಟ್ಟು ನಿಲ್ಲೋ ಮೊದಲೇ ಹೋದ್ರು ಮಗ. ನನ್ನ ತೊಡೆ ಮೇಲೇ.”

“ಯಾಕವ್ವ ಹೇಳ್ಲಿಲ್ಲ?”

“ಆ ತಿರುವಲ್ಲಿ ನಿನ್ನ ಕೈ ನಡುಗಿದ್ರೆ?”

“ಮತ್ತೆ... ಅಪ್ಪ ನನ್ನತ್ರ ಅಷ್ಟು ಮಾತಾಡಿದ್ರಲ್ಲ?”

ಅವ್ವ ತಲೆಯೆತ್ತಿ ನನ್ನನ್ನೇ ನೋಡಿದಳು. “ನೀನೊಬ್ಬನೇ ಮಾತಾಡ್ತಿದ್ದೆ. ನಂಗೇನೂ ಕೇಳ್ಲಿಲ್ಲ.”

ನನಗೆ ತಲೆ ಕೆಟ್ಟಿತ್ತು ಎನ್ನಬಹುದು. ಆದರೆ ಡಿಕ್ಕಿಯಲ್ಲಿ ಆ ಕೇಬಲ್ ಇರುವುದು ನನಗೆ ಗೊತ್ತೇ ಇರಲಿಲ್ಲ. ಈಗಲೂ ಆ ದಾರಿಯಲ್ಲಿ ಕತ್ತಲಾದ ಮೇಲೆ ನಾನು ಹೋಗುವುದಿಲ್ಲ.

ಅದಕ್ಕಿಂತ ಕಷ್ಟವಾಗುವುದು ಅವ್ವನ ಮುಂದೆ ಕೂರಲು. ಊಟ ಬಡಿಸುತ್ತಾ ಒಮ್ಮೊಮ್ಮೆ ಮೆಲ್ಲಗೆ ಕೇಳುತ್ತಾಳೆ:

“ದಿನೇಶ... ಅವತ್ತು ಅವ್ರು ನಂಗೆ ಅಂತ ಎಂಥಾದ್ರೂ ಹೇಳಿದ್ರಾ?”