ತಲೆ ಅಳೆಯುತ್ತಿದ್ದ ಅಕ್ಕ

ಯಾರ ಮನೆಗೆ ಹೋದರೂ ಅಕ್ಕ ತಲೆಬಾಗಿಲಲ್ಲಿ ಬಗ್ಗಿಯೇ ಒಳಗೆ ಹೋಗಬೇಕಿತ್ತು, ಅಷ್ಟು ಎತ್ತರ. ಪಕ್ಕದಲ್ಲಿ ನಿಂತರೆ ನಾನು ಅವಳ ಕಿವಿಯೋಲೆಯ ಮಟ್ಟಕ್ಕೆ ಬರುತ್ತಿದ್ದೆ. ಅಷ್ಟು ಎತ್ತರದವಳು ಸ್ವಲ್ಪ ಗೂನಾಗಿಯಾದರೂ ನಡೆಯಬಾರದೇ? ಅದೂ ಇಲ್ಲ! ಕಂಡ ಮೊದಲ ದಿನದಿಂದಲೇ ನನಗೆ ಅವಳ ಮೇಲೆ ಹೊಟ್ಟೆಕಿಚ್ಚು. ಅದನ್ನು ಬಿಟ್ಟು ಬರೆದರೆ ಅವಳ ಬಗ್ಗೆ ಬರೆದಂತೆಯೇ ಆಗುವುದಿಲ್ಲ.

ತೊಂಬತ್ತರ ದಶಕದ ಮಾತು. ನಾನು ಧಾರವಾಡದಲ್ಲಿ ಮಾನವಶಾಸ್ತ್ರ ಓದುತ್ತಿದ್ದೆ. ನಾನು ಅಕ್ಕ ಎನ್ನುತ್ತಿದ್ದ ಅವಳು ಅಲ್ಲೇ ಸಂಶೋಧನೆ ಮಾಡುತ್ತಿದ್ದ ಹಿರಿಯಳು, ಬೈಲಹೊಂಗಲದ ಮುಸ್ಲಿಂ ಟೇಲರೊಬ್ಬರ ಮಗಳು. ಒಂದೇ ಸೀಮೆಯ ಜನ ಮೈಕಟ್ಟಿನಲ್ಲಿ ಒಬ್ಬರಿಗಿಂತ ಒಬ್ಬರು ಹೇಗೆ ಬೇರೆ, ತಾಯಿಯಿಂದ ಮಗಳಿಗೆ ಏನೇನು ಬರುತ್ತದೆ ಎಂಬುದು ಅವಳ ವಿಷಯ. ಸವದತ್ತಿ ಸುತ್ತಿನ ಊರುಗಳಲ್ಲಿ ಜನರ ಎತ್ತರ, ತಲೆ, ಮೂಗು ಅಳೆಯಲು ಅವಳ ಜೊತೆ ನಾನೂ ಅಲೆಯುತ್ತಿದ್ದೆ. "ಇವರ ಮೂಗು ದಪ್ಪ" ಎಂದು ಬಾಯಿಬಿಟ್ಟೆನೋ, ಅಲ್ಲೇ ತಡೆಯುತ್ತಿದ್ದಳು.

"ಅಳತಿ ಎಷ್ಟೈತಿ ಅಷ್ಟ ಹೇಳು. ದಪ್ಪ, ತೆಳ್ಳಗ, ಛಲೋ, ಕೆಟ್ಟ, ಅದೆಲ್ಲಾ ನಮ್ಮ ಕೆಲಸ ಅಲ್ಲ. ನಮ್ಮಪ್ಪ ಅರ್ಧ ಬೈಲಹೊಂಗಲದ ಸೊಂಟಾ ಅಳದಾನ, ಒಬ್ಬರಿಗರೆ ದಪ್ಪ ಅದೀರಿ ಅಂದಿಲ್ಲ."

ನನಗೋ, ಅವಳ ಪಕ್ಕದಲ್ಲಿ ನನ್ನನ್ನು ಇಟ್ಟು ಹೆಚ್ಚು ಕಡಿಮೆ ನೋಡುವುದೇ ದಿನದ ಕೆಲಸವಾಗಿತ್ತು.

ತಲೆ ಅಳೆಯಲು ಎರಡು ಬಾಗಿದ ಕೈಗಳ ಉಕ್ಕಿನ ಕ್ಯಾಲಿಪರ್ ಇತ್ತು. ಊರವರು ಅದನ್ನು ಇಕ್ಕಳ ಎನ್ನುತ್ತಿದ್ದರು. ಚಳಿಗಾಲದಲ್ಲಿ ಅಕ್ಕ ಅದರ ತುದಿಗಳನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿಯೇ ಇನ್ನೊಬ್ಬರ ತಲೆಗೆ ತಾಗಿಸುತ್ತಿದ್ದಳು.

ಮುರಗೋಡದಲ್ಲಿ ಒಬ್ಬ ಅಜ್ಜ ರುಮಾಲು ಬಿಚ್ಚಲು ಒಪ್ಪಲೇ ಇಲ್ಲ. "ಬರೇ ತಲಿಲೆ ಕುಂದರಾಕ ನಮ್ಮನ್ಯಾಗ ಏನರ ಕೆಟ್ಟದ್ದಾಗೇತೇನವಾ?" ಎಂದು ನನ್ನ ಮೇಲೆ ಸಿಡಿದ. ನಾನು ವಿಜ್ಞಾನ ಗಿಜ್ಞಾನ ಎಂದು ಏನೇನೋ ಹೇಳಿದೆ. ಅಕ್ಕ ಸುಮ್ಮನೆ ಕಟ್ಟೆಯ ಮೇಲೆ ಕೂತು ಇಕ್ಕಳವನ್ನು ಅವನ ಕೈಗೇ ಕೊಟ್ಟಳು. "ಅಜ್ಜಾರ, ಮೊದಲ ನನ್ನ ತಲಿ ಅಳೀರಿ. ನೋವಾದ್ರ ನಾನ ಎದ್ದು ಹೊಕ್ಕೇನಿ." ಅಜ್ಜ ಹಿಂದೆ ಮುಂದೆ ತಿರುಗಿಸಿ ಅಳೆದ, ನಕ್ಕ. ಆಮೇಲೆ ತಾನಾಗಿಯೇ ರುಮಾಲು ಬಿಚ್ಚಿ, "ನೆಲಕ್ಕ ತಾಗಸಬ್ಯಾಡವಾ" ಎಂದು ಅವಳ ಉಡಿಯಲ್ಲಿ ಇಟ್ಟ.

ಮರುದಿನ ಬೇರೆ ಊರಲ್ಲಿ ನಾನೂ ಹಾಗೇ ಮಾಡಿದೆ. ಅಲ್ಲಿನ ಮುದುಕ ನನ್ನ ತಲೆಯನ್ನು ಶ್ರದ್ಧೆಯಿಂದ ಅಳೆದು, "ಸಣ್ಣದೈತಿ ಬಿಡವಾ" ಎಂದು ರುಮಾಲಿನ ಸಮೇತ ಹೊಲಕ್ಕೆ ಹೊರಟುಹೋದ. ಬಸ್ಸಿನಲ್ಲಿ ಅಕ್ಕ ಕಣ್ಣೀರು ಬರುವಂತೆ ನಕ್ಕಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ.

ಇದೆಲ್ಲ ಹಾಳಾಗಿ ಹೋಗಲಿ. ನನ್ನವ್ವನನ್ನೂ ಕಸಿದುಕೊಂಡಳಲ್ಲ!

ಅವ್ವ ಇದ್ದದ್ದು ಉಗರಗೋಳದಲ್ಲಿ. ಅಪ್ಪ ತೀರಿದ ಮೇಲೆ ಬುಟ್ಟಿ ಹೊತ್ತು ಗುಡ್ಡಕ್ಕೆ ಹೋಗಿ, ಎಲ್ಲಮ್ಮನ ಭಕ್ತರಿಗೆ ಕಾಯಿ ಕರ್ಪೂರ ಮಾರಿ ನನ್ನನ್ನು ಓದಿಸಿದವಳು. ಅವಳ ತಲೆಯ ಮೇಲಿನ ಸೆರಗು ಸರಿದದ್ದನ್ನು ನಾನು ಕಂಡವಳೇ ಅಲ್ಲ. ತಲೆ ಎರೆದುಕೊಳ್ಳುವುದೂ ನಾನು ಏಳುವ ಮೊದಲೇ, ಬಚ್ಚಲಿನ ಬಾಗಿಲು ಹಾಕಿಕೊಂಡು. ತಾಯಿ ಮಗಳ ಅಳತೆಗೆ ನಾವೂ ಸೇರೋಣ ಎಂದರೆ, "ನನಗ ಪುರಸೊತ್ತಿಲ್ಲ, ಬ್ಯಾರೇರ್ನ ನೋಡು" ಎಂದು ಎದ್ದು ಹೋದಳು.

ಕೆಲವು ದಿನಗಳ ಮೇಲೆ ಅಕ್ಕ ನಮ್ಮ ಮನೆಗೆ ಬಂದಳು. ಚಹಾಕ್ಕೆ ಹಾಲು ತರಲು ಹೋಗಿದ್ದೆ. ಬಂದು ನೋಡಿದರೆ ಒಳಕೋಣೆಯಲ್ಲಿ ಅವ್ವ ಸೆರಗು ತೆಗೆದು ಕೂತಿದ್ದಾಳೆ, ಹಿಂದೆ ಅಕ್ಕ ಇಕ್ಕಳ ಹಿಡಿದು ನಿಂತಿದ್ದಾಳೆ, ಇಬ್ಬರ ಕಣ್ಣೂ ಒದ್ದೆ. ನನ್ನ ಹೆಜ್ಜೆಯ ಸದ್ದಿಗೆ ಅವ್ವ ತಟ್ಟನೆ ಸೆರಗು ಹೊದ್ದಳು. ಹಡೆದವಳು ನನ್ನನ್ನು ಕಂಡು ತಲೆ ಮುಚ್ಚಿಕೊಳ್ಳುವುದೇ?

"ಏನ್ ಹೇಳಿದ್ಲು ಅವ್ವ?" ಎಂದು ದಾರಿಯಲ್ಲಿ ಅಕ್ಕನನ್ನು ಕೇಳಿದೆ.

"ಅದು ನನಗ ಹೇಳಿದ್ದು. ಕೇಳಬ್ಯಾಡ."

"ಆಕಿ ನಮ್ಮವ್ವ!"

"ಹೌದು. ಅದಕ್ಕ ಕೇಳಬ್ಯಾಡ."

ಮುಂದೆ ನನಗೆ ರಾಮದುರ್ಗದ ಕಾಲೇಜಿನಲ್ಲಿ ನೌಕರಿಯಾಯಿತು. ಅವ್ವ ತೀರಿಹೋದ ದಿನ ನಾನು ಊರು ಮುಟ್ಟುವಷ್ಟರಲ್ಲಿ ಮೀಯಿಸಿ, ಹಣೆಯವರೆಗೆ ಸೆರಗು ಹೊದಿಸಿ, ನಮ್ಮಲ್ಲಿಯ ಪದ್ಧತಿಯಂತೆ ಕೂರಿಸಿಬಿಟ್ಟಿದ್ದರು. ಅಕ್ಕನನ್ನು ಮತ್ತೆ ಕೇಳಿದೆ. ಮತ್ತೆ ಅದೇ ಉತ್ತರ. ಸಿಟ್ಟಿನಿಂದ ಮಾತು ಬಿಟ್ಟೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅಕ್ಕ ಕಿಡ್ನಿ ಕೆಟ್ಟು, ಬೈಲಹೊಂಗಲದ ಮನೆಯಲ್ಲಿ ಮಲಗಿದಲ್ಲೇ ಆದಳು. ಹೇಳಿಕಳಿಸಿದಳೆಂದು ಹೋದೆ. ನನ್ನನ್ನು ಹತ್ತಿರ ಕೂರಿಸಿಕೊಂಡಳು.

"ನಿಮ್ಮವ್ವನ ನೆತ್ತಿ ಮ್ಯಾಲ ಅಂಗೈ ಅಗಲ ಕೂದಲಾ ಇರಲಿಲ್ಲ. ಚರ್ಮ ದಡ್ಡುಗಟ್ಟಿತ್ತು. ಕಾಯಿ ಬುಟ್ಟಿ ಹೊತ್ತು ಹೊತ್ತು ಹಂಗಾಗಿತ್ತು. 'ಇದನ್ನ ನೋಡಿದ್ರ ನನ್ನ ಮಗಳು ಸಾಲಿ ಬಿಟ್ಟು ತಾನ ಬುಟ್ಟಿ ಹೊರತಾಳ, ಆಕಿಗೆ ಹೇಳಬ್ಯಾಡವಾ' ಅಂದ್ರು. ಇದು ಮಗಳಿಗೂ ಬರತೈತೇನು ಅಂತ ಕೇಳಿದ್ರು. ಇದು ಹುಟ್ಟಿನಿಂದ ಬಂದದ್ದಲ್ಲ, ಆಕಿಗೆ ಬರಂಗಿಲ್ಲ ಅಂದೆ. ಅದನ್ನ ಕೇಳಿ ಅತ್ರು."

"ಅವ್ವ ಹೋದ ಮ್ಯಾಲರೆ ಹೇಳಬೇಕಿತ್ತಲ್ಲ, ಅಕ್ಕಾ."

"ಮಾತು ಕೊಟ್ಟಿದ್ನಿ. ಈಗ ನಾನೂ ಹೊಂಟೇನಿ. ನನ್ನ ಜೋಡಿ ಮಣ್ಣಾಗಬಾರದಂತ ಹೇಳಿದೆ."

ಆ ರಂಜಾನ್ ಬರುವ ಮೊದಲೇ ಅಕ್ಕ ಹೋದಳು. ನನ್ನನ್ನು ಓದಿಸಿದ್ದು ಅವ್ವ, ಆ ಓದು ನಡುವೆ ನಿಲ್ಲದಂತೆ ಬಾಯಿ ಬಿಗಿಹಿಡಿದದ್ದು ಅಕ್ಕ. ನನ್ನ ಸಿಟ್ಟನ್ನೂ ತಾನೇ ಸಹಿಸಿಕೊಂಡಳು. ಆ ಋಣ ತೀರಿಸಲು ನನ್ನಿಂದ ಆಗದು. ಆದರೂ ಹೊಟ್ಟೆಕಿಚ್ಚು ಆರಿಲ್ಲ ನೋಡಿ. ಅವ್ವನ ಆ ನೆತ್ತಿಯನ್ನು ಅವಳು ಕಂಡಿದ್ದಳು. ನಾನು ಕಾಣಲಿಲ್ಲ.