ರಾಗಿಹುಲ್ಲಿನ ದಿಂಬು

ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಯಶೋಧಾ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಲೇಸ್ ಮೇಡಂ ಎಂದರೆ ಸಾಕು, ಮಕ್ಕಳೂ ಮನೆ ತೋರಿಸುತ್ತವೆ. ಗಂಡ ಶ್ರೀನಿವಾಸನಿಗೆ ರೈಲ್ವೆಯಲ್ಲಿ ಕೆಲಸ. ಮದುವೆಯಾದ ಹೊಸದರಲ್ಲಿ ಅವನಿಗೆ ತಮಿಳುನಾಡಿನ ತುದಿಯಲ್ಲಿದ್ದ ಒಂದು ಸ್ಟೇಷನ್ನಿಗೆ ವರ್ಗವಾಗಿತ್ತು. ಭಾಷೆ ಬಾರದ ಊರು. ಪಕ್ಕದ ಮನೆಯ ಅಜ್ಜಿಯೊಬ್ಬಳು ಜಗಲಿಯ ಮೇಲೆ ಕೂತು, ತೊಡೆಯ ಮೇಲೊಂದು ಗಟ್ಟಿ ದಿಂಬಿಟ್ಟುಕೊಂಡು, ಅದಕ್ಕೆ ಗುಂಡುಸೂಜಿ ನೆಟ್ಟು, ದಾರ ಸುತ್ತಿದ ಮರದ ಕಡ್ಡಿಗಳನ್ನು ಒಂದರ ಮೇಲೊಂದು ದಾಟಿಸುತ್ತ ಲೇಸ್ ಹೆಣೆಯುತ್ತಿದ್ದಳು. ಯಶೋಧಾ ಎರಡು ವರ್ಷ ಅವಳ ಪಕ್ಕದಲ್ಲಿ ಕೂತು, ಮಾತಿಗಿಂತ ಹೆಚ್ಚಾಗಿ ಕೈ ನೋಡಿಯೇ ಕಲಿತಳು.

ಮಕ್ಕಳು ದೊಡ್ಡವರಾದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ಸ್ತ್ರೀಶಕ್ತಿ ಸಂಘದ ಕೋಣೆಯಲ್ಲಿ ವಾರಕ್ಕೆ ಮೂರು ಮಧ್ಯಾಹ್ನ ತಾನೇ ಕಲಿಸಲು ಶುರುಮಾಡಿದಳು. ಆರು ಜನ ಹೆಂಗಸರು ಸೇರಿದರು. ಮೊದಲ ದಿನವೇ ಅವಳು ಹೇಳಿದ್ದು ದಿಂಬಿನ ವಿಷಯ. ಈ ಕೆಲಸಕ್ಕೆ ದಿಂಬೇ ನೆಲ, ಸೂಜಿ ನೆಟ್ಟಗೆ ನಿಂತರೆ ಮಾತ್ರ ದಾರ ನಿಲ್ಲುತ್ತದೆ, ಎಲ್ಲರೂ ಒಂದೊಂದು ದಿಂಬು ಹೊಂದಿಸಿಕೊಂಡು ಬರಬೇಕು ಎಂದಳು. ತನ್ನದನ್ನು ಮಾದರಿಯಾಗಿ ತೋರಿಸಿದಳು. ಫೋನಿನಲ್ಲಿ ವಿದೇಶದ ಹೆಂಗಸರ ವಿಡಿಯೋ ನೋಡಿ ತರಿಸಿಕೊಂಡ ದುಂಡನೆಯ ಫೋಮಿನ ದಿಂಬು ಅದು, ಮೇಲೆ ಕಡುನೀಲಿ ಬಟ್ಟೆ. ನೋಡಲು ಬಹಳ ಚೆಂದವಿತ್ತು.

ಮುಂದಿನ ಪಾಠಕ್ಕೆ ಐವರು ಅಂಥದ್ದೇ ಏನೋ ತಂದರು. ಆರನೆಯವಳು ಉಚ್ಚಂಗೆಮ್ಮ. ಪಕ್ಕದ ಹಳ್ಳಿಯವಳು, ಅರವತ್ತರ ಹತ್ತಿರದ ವಯಸ್ಸು. ಮೊದಲು ಹಿರಿಯೂರಿನಲ್ಲಿ ಹಾಸಿಗೆ ಅಂಗಡಿಯೊಂದರಲ್ಲಿ ಹತ್ತಿ ತುಂಬುವ ಕೂಲಿ ಮಾಡಿದ್ದವಳು. ಅವಳು ತಂದದ್ದು ಹಳೇ ಪಂಚೆಯಲ್ಲಿ ಹೊಲಿದ ಒಂದು ದಿಂಬು. ಒಳಗೆ ರಾಗಿಹುಲ್ಲು. ಹೊಲಿಗೆಯ ಸಂದಿಯಿಂದ ನಾಲ್ಕಾರು ಕಡ್ಡಿ ಹೊರಗೆ ಇಣುಕುತ್ತಿದ್ದವು.

ಯಶೋಧಾ ಅದನ್ನು ಕೈಯಲ್ಲೂ ಹಿಡಿಯಲಿಲ್ಲ. "ಇದೇನು ದನದ ಕೊಟ್ಟಿಗೆನಾ? ತಗಂಡು ಹೋಗಮ್ಮ, ಇಂಥವೆಲ್ಲ ಇಲ್ಲಿ ನಡಿಯಲ್ಲ" ಎಂದಳು.

ಐವರೂ ನಕ್ಕರು. ಉಚ್ಚಂಗೆಮ್ಮ ದಿಂಬನ್ನು ಸೆರಗಿನ ಕೆಳಗೆ ಸರಿಸಿಕೊಂಡಳು. ಮುಂದಿನ ಪಾಠದಿಂದ ಬರಿಗೈಯಲ್ಲಿ ಬಂದು, ಗೋಡೆಗೊರಗಿ ಕೂತು ಉಳಿದವರು ಹೆಣೆಯುವುದನ್ನು ನೋಡತೊಡಗಿದಳು. ತಮಿಳುನಾಡಿನ ಆ ಅಜ್ಜಿಯ ದಿಂಬಿನಲ್ಲಿ ಇದ್ದದ್ದೂ ಹುಲ್ಲೇ ಎಂಬುದು ಆ ಕೋಣೆಯಲ್ಲಿ ಯಶೋಧಾಳೊಬ್ಬಳಿಗೇ ಗೊತ್ತಿತ್ತು.

ಒಂದು ತಿಂಗಳು ಕಳೆದ ಮೇಲೆ, ಮುಂದಿನ ತಿಂಗಳು ಚಿತ್ರದುರ್ಗದಲ್ಲಿ ಮಹಿಳಾ ಸಂಘಗಳ ಪ್ರದರ್ಶನವೆಂದು ಸುದ್ದಿ ಬಂತು. ಯಶೋಧಾ ಒಂದು ಅಗಲವಾದ ಲೇಸಿನ ಕಾಲರ್ ಹೆಣೆಯಲು ಕೂತಳು. ನಲವತ್ತು ಜೊತೆ ಕಡ್ಡಿಯ ಕೆಲಸ. ನಾಲ್ಕನೆಯ ದಿನ ನೋಡಿದರೆ ದಾರದ ಎಳೆತಕ್ಕೆ ಫೋಮಿನ ಮೇಲಿನ ಸೂಜಿಗಳೆಲ್ಲ ಒಳಕ್ಕೆ ವಾಲಿದ್ದವು. ಕಾಲರಿನ ಅಂಚು ಹಾವಿನಂತೆ ಹೊರಳಿತ್ತು. ಬಿಚ್ಚಿ ಮತ್ತೆ ಹೆಣೆದಳು. ಮತ್ತೆ ಹಾಗೇ ಆಯಿತು. ಮಲಗುವ ದಿಂಬಿನ ಮೇಲೆ ನೆಟ್ಟು ನೋಡಿದಳು, ಹತ್ತಿಯೊಳಗೆ ಸೂಜಿ ಮುಳುಗಿಯೇ ಹೋಯಿತು. ತೆಂಗಿನ ನಾರು ತುಂಬಿ ನೋಡಿದಳು, ಅದು ಸೂಜಿಯನ್ನು ಹೊರಕ್ಕೆ ಒದೆಯಿತು.

ಕೊನೆಗೆ ಉಚ್ಚಂಗೆಮ್ಮನ ಮನೆಗೆ ಹೋದಳು. ತಪ್ಪಾಯಿತು ಎನ್ನುವ ಮಾತು ಬಾಯಿಗೆ ಬಂದಿತ್ತು, ಆದರೆ ಆಡಿದ್ದು ಬೇರೆ. ಆ ದಿಂಬನ್ನು ಒಮ್ಮೆ ಪರೀಕ್ಷೆ ಮಾಡಿ ನೋಡುತ್ತೇನೆ, ಸರಿಯಿದ್ದರೆ ಕ್ಲಾಸಿಗೆ ತರಬಹುದು ಎಂದಳು. ಉಚ್ಚಂಗೆಮ್ಮ ಒಳಗಿಂದ ತಂದು ಕೊಟ್ಟಳು, ಚಹಾನೂ ಕೊಟ್ಟಳು.

ಮನೆಗೆ ಬಂದು ಯಶೋಧಾ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ದಿಂಬು ಬಗ್ಗಲಿಲ್ಲ. ಚುಚ್ಚಿದ ಸೂಜಿ ಅರ್ಧಕ್ಕೆ ಇಳಿದು ಅಲ್ಲೇ ಬಿಗಿಯಾಗಿ ನಿಂತಿತು. ಹುಲ್ಲನ್ನು ಸಣ್ಣಗೆ ಕತ್ತರಿಸಿ, ಪದರ ಪದರವಾಗಿ ಬಡಿದು ತುಂಬಿದ ದಿಂಬು ಅದು. ಅದರ ಮೇಲೆ ಕಾಲರ್ ಹತ್ತೇ ದಿನದಲ್ಲಿ ಮುಗಿಯಿತು, ಒಂದು ಎಳೆಯೂ ಸೊಟ್ಟಗಾಗಲಿಲ್ಲ.

ಪ್ರದರ್ಶನದ ದಿನ ಹೆಂಗಸರೆಲ್ಲ ಒಟ್ಟಿಗೇ ರೈಲಿನಲ್ಲಿ ಚಿತ್ರದುರ್ಗಕ್ಕೆ ಹೋದರು. ಅರ್ಧ ಹೆಣೆದ ಪಟ್ಟಿಯೊಂದನ್ನು ದಿಂಬಿನ ಮೇಲೇ ಬಿಟ್ಟು, ಯಶೋಧಾ ಅದನ್ನು ಮೇಜಿನ ಮೇಲಿಟ್ಟಿದ್ದಳು. ಪಂಚೆ ಕಾಣದಂತೆ ಮೇಲೆ ಕಡುನೀಲಿ ಬಟ್ಟೆ ಹೊಲಿದಿದ್ದಳು. ನೋಡಲು ಬಂದ ಅಧಿಕಾರಿ ಹೆಂಗಸೊಬ್ಬರು ಕಾಲರಿಗಿಂತ ದಿಂಬನ್ನೇ ಹೆಚ್ಚು ಹೊತ್ತು ನೋಡಿದರು. ಒತ್ತಿ ನೋಡಿ, ಇಂಥದ್ದು ಎಲ್ಲಿ ಸಿಗುತ್ತದೆ, ಯಾರು ಮಾಡಿದ್ದು ಎಂದು ಕೇಳಿದರು.

"ನಾನೇ ಮಾಡಿದ್ದು" ಎಂದಳು ಯಶೋಧಾ.

ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ. ಅಧಿಕಾರಿ ಮೆಚ್ಚಿ ಫೋಟೋ ತೆಗೆಸಿಕೊಂಡು ಮುಂದೆ ಹೋದರು. ಯಶೋಧಾ ತಿರುಗಿ ನೋಡಿದರೆ ಎರಡು ಮಾರು ಹಿಂದೆ, ಎಲ್ಲರ ಊಟದ ಡಬ್ಬಿಗಳ ಚೀಲ ಹಿಡಿದು ಉಚ್ಚಂಗೆಮ್ಮ ನಿಂತಿದ್ದಳು. ಕೇಳಿಸಿತ್ತು. ಅವಳು ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡು, ಊಟಕ್ಕೆ ಎಲ್ಲಿ ಕುಂತ್ಕಳಾಣ ಎಂದು ಉಳಿದವರನ್ನು ಕೇಳಿದಳು. ಅಷ್ಟೇ. ಊಟಕ್ಕೆ ಕೂತಾಗ ಯಶೋಧಾಳಿಗೆ ರೊಟ್ಟಿ ಬಾಯಲ್ಲೇ ಉಳಿಯಿತು. ವಾಪಸು ಬರುವಾಗ ಇಡೀ ದಾರಿ ಅವಳು ಕಿಟಕಿಯ ಹೊರಗೇ ನೋಡುತ್ತ ಕೂತಿದ್ದಳು.

ಎರಡು ದಿನ ಶ್ರೀನಿವಾಸ ಏನಾಯಿತೆಂದು ಕೇಳಿ ಕೇಳಿ ಬಿಟ್ಟುಬಿಟ್ಟ. ಮೂರನೆಯ ದಿನ ಯಶೋಧಾ ಆ ಅಧಿಕಾರಿಯ ಕಚೇರಿಗೆ ಫೋನ್ ಮಾಡಿ, ದಿಂಬು ಮಾಡಿದ್ದು ನಾನಲ್ಲ ಎಂದಳು. ಆ ಕಡೆಯವರಿಗೆ ಯಾವ ದಿಂಬು ಎಂಬುದೇ ನೆನಪಿರಲಿಲ್ಲ. ಆಗಲಿ ಮೇಡಂ, ಬರೆದುಕೊಳ್ಳುತ್ತೇವೆ ಎಂದು ಇಟ್ಟುಬಿಟ್ಟರು. ಅಲ್ಲಿ ಹೇಳಿದ್ದರಿಂದ ಎದೆಯ ಭಾರ ಒಂದಿಷ್ಟೂ ಇಳಿಯಲಿಲ್ಲ.

ಮುಂದಿನ ಪಾಠದ ದಿನ ಎಲ್ಲರೂ ಬಂದು ಕೂತ ಮೇಲೆ ಅವಳು ನೀಲಿ ಬಟ್ಟೆಯ ಹೊಲಿಗೆ ಬಿಚ್ಚಿ, ಒಳಗಿನ ಪಂಚೆಯನ್ನು ಎಲ್ಲರಿಗೂ ತೋರಿಸಿದಳು. ಕಾಲರ್ ಹೆಣೆದದ್ದು ಇದರ ಮೇಲೆ, ಇದು ಉಚ್ಚಂಗೆಮ್ಮನ ದಿಂಬು, ದುರ್ಗದಲ್ಲಿ ನಾನು ಸುಳ್ಳು ಹೇಳಿದೆ ಎಂದಳು. ತಾನು ಕಲಿತದ್ದೂ ಹುಲ್ಲಿನ ದಿಂಬಿನ ಮೇಲೇ ಎಂಬುದನ್ನೂ ಹೇಳಿದಳು. ಯಾರೂ ನಗಲಿಲ್ಲ. ಅವತ್ತು ನಕ್ಕಿದ್ದವರು ತಲೆ ತಗ್ಗಿಸಿದ್ದರು.

ಉಚ್ಚಂಗೆಮ್ಮ ಎದ್ದು ಬಂದು ದಿಂಬನ್ನು ತೆಗೆದುಕೊಂಡಳು. "ಹುಲ್ಲು ಅಂದಿದ್ದಕ್ಕೆ ನಂಗೆ ಬ್ಯಾಸರ ಇಲ್ರಿ ಮೇಡಂ. ಎರಡು ತಿಂಗ್ಳು ಗೋಡೆಗೆ ಕುಂದ್ರಿಸಿದ್ರಲ್ಲ, ಅದು ಐತೆ. ಈಗ ಇದು ನಂಗೆ ಬೇಕು, ನಾನೂ ಕಲೀಬೇಕು."

ಯಶೋಧಾ ಹನ್ನೆರಡು ಜೊತೆ ಕಡ್ಡಿಗೆ ದಾರ ಸುತ್ತಿ, ಅವಳ ಮುಂದೆ ಕೂತು ಮೊದಲ ಪಾಠ ಶುರುಮಾಡಿದಳು.

ಆಮೇಲೆ ಒಂದೊಂದಾಗಿ ಎಲ್ಲರಿಗೂ ಹುಲ್ಲಿನ ದಿಂಬಾದವು. ಉಚ್ಚಂಗೆಮ್ಮ ಐವರಿಗೂ ತುಂಬಿಕೊಟ್ಟಳು. ಯಶೋಧಾ ಮಾತ್ರ ಮಾಡಿಕೊಡು ಎಂದು ಕೇಳಲಿಲ್ಲ, ಉಚ್ಚಂಗೆಮ್ಮನೂ ಕೊಡುತ್ತೇನೆ ಎನ್ನಲಿಲ್ಲ. ಯಶೋಧಾ ತಾನೇ ತುಂಬಲು ಕೂತಳು. ಮೊದಲನೆಯದು ಮೆತ್ತಗಾಯಿತು, ಎರಡನೆಯದು ಒಂದೇ ಕಡೆ ಉಬ್ಬಿತು. ಮೂರನೆಯದನ್ನು ಬಡಿಯುತ್ತಿದ್ದಾಗ ಉಚ್ಚಂಗೆಮ್ಮ ತನ್ನ ಕೆಲಸ ಬಿಟ್ಟು ಹತ್ತಿರ ಬಂದು, ಮೂಲೆಗೆ ಮೊದ್ಲು ತುಂಬ್ರಿ ಮೇಡಂ ಎಂದಳು. ಆ ಮೇಡಂ ಎನ್ನುವ ಮಾತು ಕಿವಿಗೆ ಬಿದ್ದಾಗಲೆಲ್ಲ ಯಶೋಧಾಳ ತಲೆ ಈಗಲೂ ತಾನಾಗಿ ತಗ್ಗುತ್ತದೆ.